ಮಂಗಳೂರು, ಉಡುಪಿಯವರೇ, ಸ್ಟಾಲ್‌ನಲ್ಲಿ ‘ಶೋ ಪೀಸ್’ ಖುಕ್ರಿ ತಗೊಳ್ಳುವ ಮುಂಚೆ ಇದನ್ನು ಓದಿ

ವಸ್ತು ಪ್ರದರ್ಶನದ ಸ್ಟಾಲ್‌ಗಳಲ್ಲಿ ಖುಕ್ರಿ (ಗೂರ್ಖರ ಬಾಗಿದ ಅಲಗಿನ ಕತ್ತಿ), ಸಣ್ಣ ತಲವಾರು, ಕ್ಯಾಂಪಿಂಗ್ ಚೂರಿ ಎಂದೆಲ್ಲ ಸಾಲಾಗಿ ಇಟ್ಟು ಮಾರುತ್ತಾರಲ್ಲ, ದಯವಿಟ್ಟು ಮುಟ್ಟಬೇಡಿ. ‘ಲೈಸೆನ್ಸ್ ಬೇಡ’ ಎಂಬ ಮಾತನ್ನಂತೂ ನಂಬಲೇಬೇಡಿ. ಕೋಪದಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿದ್ದರೆ ಸಹಿಸಿಕೊಳ್ಳಿ.

ಪುತ್ತೂರಿನಲ್ಲಿ ಭಾವನ ಮನೆ ಒಕ್ಕಲು ಇತ್ತು. ಅವರಿಗೆ ಹಳೆಯ ಕಾಲದ ಸಾಮಾನು ಗೋಡೆಗೆ ಹಾಕುವ ಹುಚ್ಚು. ಮಂಗಳೂರಿನ ಒಂದು ಸ್ಟಾಲ್‌ನಲ್ಲಿ ಮರದ ಒರೆ, ಹಿತ್ತಾಳೆ ಹಿಡಿಯ ಖುಕ್ರಿ ಕಂಡಿತು. 2,800 ರೂಪಾಯಿ. ಅಲಗು ಉದ್ದ ಇತ್ತು, ಅದಕ್ಕೆ ನಾನೇ ಕೇಳಿದೆ, ಇದಕ್ಕೆ ಲೈಸೆನ್ಸ್ ಏನಾದರೂ ಬೇಕಾ ಅಂತ. ‘ಎಂತದೂ ಬೇಡ ಮಾರಾಯ್ರೆ, ಶೋ ಪೀಸ್ ಅಲ್ವಾ’ ಎಂದ. ಶೋ ಪೀಸ್ ಎಂದವನೇ ಅದರಲ್ಲಿ ಪೇಪರ್ ಸರ್ರನೆ ಕತ್ತರಿಸಿ ತೋರಿಸಿದ! ಬಿಲ್ ಕೇಳಿದೆ, ಬರೆದು ಮಡಚಿ ಚೀಲದೊಳಗೆ ಹಾಕಿ ಕೊಟ್ಟ.

ರಾತ್ರಿ ಹೊರಟೆವು. ಪಡೀಲ್ ದಾಟಿದ ಮೇಲೆ ನಾಕಾಬಂದಿ. ಆಗ ನಿಷೇಧಾಜ್ಞೆ ಬೇರೆ ಜಾರಿಯಲ್ಲಿತ್ತು. ಹಿಂದೆ 144 ಅಂತಿದ್ದೆವಲ್ಲ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163. ಡಿಕ್ಕಿ ತೆಗೆಸಿದರು. ಹಣ್ಣಿನ ಬುಟ್ಟಿ, ಸೀರೆ, ಅದರ ಪಕ್ಕ ಖುಕ್ರಿ. ಕಾರಿನಲ್ಲಿ ಅತ್ತೆ, ಹೆಂಡತಿ, ಮಕ್ಕಳು. ಹಿಂದಿನ ಗಾಡಿಯವರೆಲ್ಲ ಇಣುಕಿ ನೋಡುತ್ತಿದ್ದರು.

ನಾನು ಧೈರ್ಯವಾಗಿ ‘ಬಿಲ್ ಇದೆ ಸಾರ್’ ಎಂದು ಚೀಟಿ ತೆಗೆದುಕೊಟ್ಟೆ. ಅವರು ಟಾರ್ಚ್ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಮುಖ ನೋಡಿ, ‘ಇದ್ರಲ್ಲಿ ನೀವು ತರಕಾರಿ ಹೆಚ್ಚುದಾ?’ ಎಂದರು.

ಬಿಲ್‌ನಲ್ಲಿ ಖುಕ್ರಿ ಎಂಬ ಮಾತೇ ಇಲ್ಲ. ‘ಅಡುಗೆ ಮನೆ ಸಾಮಾನು – 1’. ಅಷ್ಟೇ. ಅಂಗಡಿಯ ಹೆಸರಿಲ್ಲ, ಸಹಿ ಇಲ್ಲ.

ಅಡುಗೆ ಮನೆ ಸಾಮಾನು! ಯಾಕೆ ಹಾಗೆ ಬರೆದ ಎಂದು ಆಮೇಲೆ ವಕೀಲರಾಗಿರುವ ಗೆಳೆಯ ಬಿಡಿಸಿ ಹೇಳಿದ. 1959ರ ಆರ್ಮ್ಸ್ ಕಾಯ್ದೆಯ ಕೆಳಗೆ 2016ರಲ್ಲಿ ಬಂದ ನಿಯಮಗಳಲ್ಲಿ ಆಯುಧಗಳ ಪಟ್ಟಿ ಇದೆ. ಬಂದೂಕು ಮಾತ್ರ ಅಲ್ಲ, ತಲವಾರು, ಬಾಕು, ಭರ್ಜಿ ಎಲ್ಲ ಅದರಲ್ಲಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚೂರಿಗಳೂ ಇವೆ, ಖುಕ್ರಿಯನ್ನು ಹೆಸರು ಹಿಡಿದೇ ಹೇಳಿದ್ದಾರೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದ್ದನ್ನು ಮಾತ್ರ ಬಿಟ್ಟಿದ್ದಾರೆ. ಅದಕ್ಕೇ ನಮ್ಮ ಮೆಟ್ಟುಕತ್ತಿಗೆ, ತೋಟದ ಕತ್ತಿಗೆ, ಮೀನು ಮಾರ್ಕೆಟ್‌ನ ದೊಡ್ಡ ಚೂರಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಆ ಮನುಷ್ಯನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಬಿಲ್‌ನಲ್ಲಿ ಹಾಗೆ ಬರೆದ. ಗೊತ್ತಿದ್ದೇ ನನ್ನ ಹತ್ತಿರ ‘ಎಂತದೂ ಬೇಡ’ ಎಂದ. ಅಳತೆ ಮಾಡಿದರೆ ಅಲಗು 11 ಇಂಚು.

ಖುಕ್ರಿ ಸ್ಟೇಷನ್‌ನಲ್ಲೇ ಉಳಿಯಿತು. ಮುಚ್ಚಳಿಕೆ ಬರೆಸಿಕೊಂಡರು. ಕೇಸ್ ಆಗಲಿಲ್ಲ, ಉಡುಗೊರೆ, ಕುಟುಂಬ ಎಂದೆಲ್ಲ ನೋಡಿ ಬಿಟ್ಟರು. ಆದರೆ ಸ್ಟೇಷನ್ ಬೆಂಚಿನಲ್ಲಿ ಅತ್ತೆಯನ್ನು ಕೂರಿಸಿದ್ದು ಹೋಗುತ್ತದಾ? ಮನೆ ಒಕ್ಕಲಿನಲ್ಲಿ ಊಟಕ್ಕಿಂತ ಜಾಸ್ತಿ ಇದೇ ಸುದ್ದಿ.

ಆ ಸ್ಟಾಲ್‌ನವನಿಗೆ ಫೋನ್ ಮಾಡಿದೆ. ಮೊದಲ ಮಾತೇ, ‘ನೀವು ಸೀಟಿನ ಅಡಿಯಲ್ಲಿ ಇಡ್ಬೇಕಿತ್ತು ಅಣ್ಣ.’ ಕೇಳಿ ಇದನ್ನು! ದುಡ್ಡು ವಾಪಸ್ ಕೊಡು ಎಂದೆ. ‘ಕೊಡಗಿನಲ್ಲಿ ಎಲ್ಲರ ಮನೆಯಲ್ಲೂ ಇರ್ತದಲ್ಲ, ಅವರನ್ನು ಯಾರು ಹಿಡೀತಾರೆ’ ಎಂದು ವಾದ. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ ಸರಕಾರ ಕೊಟ್ಟ ವಿನಾಯಿತಿ ಅದು. ಪುತ್ತೂರಿನ ಭಾವನಿಗೆ ಎಲ್ಲಿಂದ ಬಂತು? ಕೊನೆಗೆ ವಾಟ್ಸಾಪ್‌ನಲ್ಲಿ ಬಂದ ಉತ್ತರ: ‘ನಾನು ಖುಕ್ರಿ ಮಾರಿದ್ದಕ್ಕೆ ನಿಮ್ಮ ಹತ್ರ ಬಿಲ್ ಉಂಟಾ?’ ಆಮೇಲೆ ಬ್ಲಾಕ್.

ಏನೇ ತಗೊಳ್ಳಿ, ಅಲಗು ಅಳೆದು ತಗೊಳ್ಳಿ. ಬಿಲ್ ಅಲ್ಲೇ ಬಿಡಿಸಿ ಓದಿ, ವಸ್ತುವಿನ ನಿಜವಾದ ಹೆಸರು ಬರೆಯಲು ಹಿಂದೆ ಮುಂದೆ ನೋಡಿದರೆ ಇಟ್ಟು ಬನ್ನಿ. ನಿಷೇಧಾಜ್ಞೆ ಇರುವಾಗ ಸಣ್ಣ ಚೂರಿಯನ್ನೂ ಸುಮ್ನೆ ಗಾಡಿಯಲ್ಲಿ ಇಟ್ಟುಕೊಂಡು ತಿರುಗಬೇಡಿ.

ಅವನ ಇನ್‌ಸ್ಟಾ ಪೇಜ್ ಇನ್ನೂ ನಡೆಯುತ್ತಿದೆ. ಮುಂದಿನ ಸ್ಟಾಲ್ ಉಡುಪಿಯಲ್ಲಂತೆ. ಫೋಟೋದಲ್ಲಿ ಖುಕ್ರಿಗಳೇ ಸಾಲಾಗಿ ಇವೆ, ಕೆಳಗೆ ‘ಲೈಸೆನ್ಸ್ ಬೇಡ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾನೆ. ಆ ಪೋಸ್ಟ್‌ನ ಸ್ಕ್ರೀನ್‌ಶಾಟ್ ಸ್ಟೇಷನ್‌ಗೆ ಕೊಟ್ಟು ಬಂದಿದ್ದೇನೆ.