ಒಂದೇ ಮಂಡಿ, ನಾಲ್ಕು ಚಿಕಿತ್ಸೆ: ಹಾಸನದಲ್ಲಿ ನಾನೇ ಮಾಡಿ ನೋಡಿದ ಹೋಲಿಕೆ

ಸರ್ಕಾರಿ ನೌಕರರ ಕ್ರೀಡಾಕೂಟದ ವಾಲಿಬಾಲ್ ಪಂದ್ಯದಲ್ಲಿ ಹಾರಿ ಚೆಂಡು ಹೊಡೆದು ಕೆಳಗಿಳಿಯುವಾಗ ನನ್ನ ಎಡಗಾಲು ನೆಲಕ್ಕೆ ನೆಟ್ಟಗೆ ಊರಿತು, ಮೈ ಮಾತ್ರ ಬಲಕ್ಕೆ ತಿರುಗಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಮಂಡಿಯೊಳಗೆ ಹಸಿ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಎರಡು ಗಂಟೆ ಕಳೆಯುವುದರೊಳಗೆ ಮಂಡಿಚಿಪ್ಪು ಕಾಣದಷ್ಟು ಊತ ಬಂದಿತು. ಅಷ್ಟು ಬೇಗ ಊದಿಕೊಂಡರೆ ಕೀಲಿನೊಳಗೆ ರಕ್ತ ಸೇರಿರುವ ಸಾಧ್ಯತೆ ಹೆಚ್ಚು, ಒಳಗೆ ಏನೋ ಹರಿದಿದೆ ಎಂದು ಅನುಮಾನಿಸಬೇಕು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಉಳುಕಿರಬೇಕೆಂದು ಎಲ್ಲರೂ ಹೇಳಿದರು, ನಾನೂ ನಂಬಿದೆ.

ಆ ದಿನದಿಂದ ಒಂದು ವರ್ಷದೊಳಗೆ ಇದೇ ಮಂಡಿಗೆ ನಾಲ್ಕು ಬಗೆಯ ಚಿಕಿತ್ಸೆ ಮಾಡಿಸಿಕೊಂಡೆ: ಆಲೂರು ಕಡೆಯ ನಾಟಿ ವೈದ್ಯರ ಎಣ್ಣೆ ಮತ್ತು ಕಟ್ಟು, ನಗರದ ಒಂದು ಕ್ಲಿನಿಕ್ಕಿನ ಯಂತ್ರಚಿಕಿತ್ಸೆ, ಮನೆಗೆ ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರ ವ್ಯಾಯಾಮದ ಕೋಣೆ, ಕೊನೆಗೆ ಬೆಂಗಳೂರಿನಿಂದ ವಿಡಿಯೋ ಕರೆಯ ಮೂಲಕ ನಡೆದ ತರಬೇತಿ. ಈ ಹೋಲಿಕೆಯಲ್ಲಿ ಒಂದು ದೋಷವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾಲ್ಕೂ ಒಂದೇ ಕಾಲದಲ್ಲಿ ನಡೆಯಲಿಲ್ಲ, ಒಂದಾದ ಮೇಲೆ ಒಂದು ನಡೆದವು. ಪೆಟ್ಟಾದ ಮೊದಲ ಕೆಲವು ವಾರಗಳಲ್ಲಿ ಊತವೂ ನೋವೂ ತಾವಾಗಿಯೇ ಇಳಿಯುವುದರಿಂದ, ಆಗ ಕಾಲು ಯಾರ ಕೈಯಲ್ಲಿರುತ್ತದೆಯೋ ಅವರಿಗೆ ಹೆಸರು ಬರುತ್ತದೆ. ಆದ್ದರಿಂದ ನೋವು ಎಷ್ಟು ಕಡಿಮೆಯಾಯಿತು ಎಂಬುದಕ್ಕಿಂತ, ಅಳತೆಗೆ ಸಿಕ್ಕುವ ಸಂಗತಿಗಳನ್ನೇ ಇಲ್ಲಿ ಮುಂದಿಟ್ಟಿದ್ದೇನೆ. ಗಣಿತ ಕಲಿಸುವವನಿಗೆ ಅದು ಸುಲಭದ ಚಟ.

ನಾಟಿ ವೈದ್ಯರು ವಯಸ್ಸಾದವರು, ಮಾತು ಕಡಿಮೆ, ಕೈ ಹಗುರ. ಬೆಚ್ಚಗಿನ ಎಣ್ಣೆ ಸವರಿ, ಯಾವುದೋ ತೊಗಟೆ ಅರೆದ ಪಟ್ಟು ಹಾಕಿ, ಬಿದಿರಿನ ದಬ್ಬೆಗಳನ್ನಿಟ್ಟು ಬಟ್ಟೆ ಸುತ್ತಿ, "ಇಪ್ಪತ್ತೊಂದು ದಿನ ಬಿಚ್ಚಬೇಡಿ ಮೇಷ್ಟ್ರೇ" ಎಂದರು. ಎಲೆ ಅಡಿಕೆಯ ಜೊತೆ 500 ರೂಪಾಯಿ ಇಟ್ಟು ಬಂದೆ. ಕಟ್ಟು ಬಿಚ್ಚಿದ ದಿನ ನೋವು ಬಹುಮಟ್ಟಿಗೆ ಹೋಗಿತ್ತು, ಅದು ಸುಳ್ಳಲ್ಲ. ಆದರೆ ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ, ತೊಡೆ ಕೈಗೆ ಮೆತ್ತಗೆ ಸಿಗುತ್ತಿತ್ತು. ಮಂಡಿಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಟೇಪು ಸುತ್ತಿದಾಗ ಬಲತೊಡೆ 49 ಸೆಂಟಿಮೀಟರ್ ಇದ್ದರೆ ಎಡತೊಡೆ 46ಕ್ಕೆ ಇಳಿದಿತ್ತು. ಕೀಲಿನಲ್ಲಿ ಊತವಿದ್ದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರದ ಆಜ್ಞೆಯೇ ಕುಂದುತ್ತದೆ. ಅದರ ಮೇಲೆ ಮೂರು ವಾರ ಅಲುಗಾಡದಂತೆ ಕಟ್ಟಿದರೆ ಸ್ನಾಯು ಕರಗುವುದರಲ್ಲಿ ಆಶ್ಚರ್ಯವಿಲ್ಲ. ಮೂಳೆ ಮುರಿದಿದ್ದರೆ ಕಟ್ಟಿಗೆ ಅರ್ಥವಿರುತ್ತಿತ್ತು. ಹರಿದದ್ದು ಲಿಗಮೆಂಟ್, ಅಂದರೆ ಮೂಳೆಗೂ ಮೂಳೆಗೂ ಬೆಸುಗೆಯಾಗಿರುವ ಪಟ್ಟಿ, ಎಂಬುದನ್ನು ಬರಿ ಬೆರಳಿನಿಂದ ತಿಳಿಯಲು ಅವರಿಗೆ ಸಾಧ್ಯವಾಗಲಿಲ್ಲ, ಅಷ್ಟೇ.

ಮಂಡಿಯ ವಿಷಯದಲ್ಲಿ ಇಷ್ಟು ಮೃದುವಾಗಿ ಬರೆಯುತ್ತಿರುವ ನಾನು ಮೊಣಕೈಯ ವಿಷಯದಲ್ಲಿ ಹಾಗೆ ಬರೆಯಲಾರೆ. ನನ್ನ ತಮ್ಮ ಎರಡು ವರ್ಷದ ಹಿಂದೆ ಸಕಲೇಶಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಪ್ಲಾಸ್ಟರ್ ತೆಗೆದ ಮೇಲೆ ಕೈ ಚಾಚಲು ಬಾರದೆ ಮನೆಯವರ ಮಾತಿಗೆ ಕಟ್ಟುಬಿದ್ದು ದಿನವೂ ಎಣ್ಣೆ ಹಾಕಿಸಿ ಬಲವಾಗಿ ತಿಕ್ಕಿಸಿ ಎಳೆಸಿಕೊಂಡ. ಪೆಟ್ಟು ಬಿದ್ದ ಮೊಣಕೈಯನ್ನು ಹಾಗೆ ಹಿಸುಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯುವ ಅಪಾಯವಿದೆ; ವೈದ್ಯರು ಅದಕ್ಕೆ ಮಯೋಸೈಟಿಸ್ ಆಸಿಫಿಕಾನ್ಸ್ ಎನ್ನುತ್ತಾರೆ. ಅವನಿಗೆ ಆದದ್ದು ಅದೇ. ಇವತ್ತಿಗೂ ಅವನ ಬಲಗೈ ಪೂರ್ತಿ ಚಾಚುವುದಿಲ್ಲ. ಮೊಣಕೈಯನ್ನು ಅವನವನ ಸ್ವಂತ ಶಕ್ತಿಯಿಂದ, ನೋವಿನ ಮಿತಿಯೊಳಗೆ ಆಡಿಸಬೇಕೇ ಹೊರತು ಬೇರೆಯವರು ಒತ್ತಿ ಎಳೆಯಬಾರದು ಎಂಬುದನ್ನು ಫಿಸಿಯೋಥೆರಪಿಸ್ಟ್ ಹೇಳುವ ಹೊತ್ತಿಗೆ ತಡವಾಗಿತ್ತು.

ಕಟ್ಟು ಬಿಚ್ಚಿದ ಮೇಲೆ ನಾನು ಹೋಗಿ ಕಂಡ ಮೂಳೆ ತಜ್ಞರು ನನ್ನ ಮಂಡಿಯನ್ನು ಮಡಚಿ ಮುಂದಕ್ಕೆ ಎಳೆದು ನೋಡಿದೊಡನೆ ಗುರುತಿಸಿದರು, ಎಂಆರ್‌ಐ ಅದನ್ನು ಖಚಿತಪಡಿಸಿತು: ಮಂಡಿಯ ಮುಂಭಾಗದ ಅಡ್ಡ ಲಿಗಮೆಂಟ್, ಅಂದರೆ ಎಸಿಎಲ್, ಪೂರ್ತಿ ಹರಿದಿತ್ತು, ಒಳಗಿನ ಗಾದಿಯಂತಿರುವ ಮೆನಿಸ್ಕಸ್ ಸುಸ್ಥಿತಿಯಲ್ಲಿತ್ತು. ಆಪರೇಷನ್ ಮಾಡಿಬಿಡಿ ಎಂದು ನಾನೇ ಕೇಳಿದೆ. ಅವರು ಒಪ್ಪಲಿಲ್ಲ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಯುವಜನರನ್ನು ಎರಡು ಗುಂಪು ಮಾಡಿ ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರು ವಿವರಿಸಿದರು: ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂಬ ಗುಂಪಿನ 59 ಜನರಲ್ಲಿ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 23 ಮಂದಿ, ಎರಡು ವರ್ಷದ ಕೊನೆಗೆ ಎರಡೂ ಗುಂಪುಗಳ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮಂಡಿ ಪದೇ ಪದೇ ಜಾರಿದರೆ ಅಥವಾ ಮಡಚಿದಲ್ಲೇ ಸಿಕ್ಕಿಕೊಂಡರೆ ತಡಮಾಡದೆ ಬರಬೇಕೆಂದು ಹೇಳಿ ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟರು.

ಚೀಟಿ ಹಿಡಿದು ಹೋದದ್ದು ಬಸ್ಸಿಗೆ ಅನುಕೂಲವಾದ ಒಂದು ಕ್ಲಿನಿಕ್ಕಿಗೆ. ನಮ್ಮ ಊರಿನಲ್ಲಿ ಫಿಸಿಯೋಥೆರಪಿ ಎಂದರೆ ‘ಕರೆಂಟು ಕೊಡಿಸುವುದು’ ಎಂದು ಜನ ತಿಳಿದಿರುವುದಕ್ಕೆ ಇಂಥ ಕೋಣೆಗಳೇ ಕಾರಣ. ಪರದೆ ಎಳೆದ ಆರು ಮಂಚ, ಬಿಸಿ ಚೀಲದ ಒದ್ದೆ ವಾಸನೆ, ಟಿಕ್ ಎಂದು ಸಮಯ ಮುಗಿಸುವ ಪೆಟ್ಟಿಗೆಗಳು. ಮಂಡಿಯ ಸುತ್ತ ನಾಲ್ಕು ಪ್ಯಾಡು ಅಂಟಿಸಿ 15 ನಿಮಿಷ ಐಎಫ್‌ಟಿ ಎಂಬ ಕರೆಂಟಿನ ಚಿಕಿತ್ಸೆ, ಆಮೇಲೆ ಜೆಲ್ ಹಚ್ಚಿ ಐದಾರು ನಿಮಿಷ ಅಲ್ಟ್ರಾಸೌಂಡ್, ಕೊನೆಯಲ್ಲಿ ಯಾರೋ ಬಂದು ಹತ್ತು ಸಲ ಕಾಲು ಮಡಚಿಸುತ್ತಿದ್ದರು. ಐಎಫ್‌ಟಿಯಲ್ಲಿ 4,000 ಹರ್ಟ್ಸ್ ಆಸುಪಾಸಿನ ಎರಡು ವಿದ್ಯುತ್ ಪ್ರವಾಹಗಳನ್ನು ಅಡ್ಡಡ್ಡ ಹಾಯಿಸುತ್ತಾರೆ. ಅವೆರಡರ ಅಂತರದಿಂದ ಹುಟ್ಟುವ ನಿಧಾನಗತಿಯ ಮಿಡಿತ ಸ್ಪರ್ಶದ ನರಗಳನ್ನು ಎಬ್ಬಿಸಿ ನೋವಿನ ಸುದ್ದಿಗೆ ಅಡ್ಡ ಬಾಗಿಲು ಹಾಕುತ್ತದೆ ಎಂಬುದು 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತದ ಆಧಾರದ ಮೇಲೆ ಕೊಡುವ ವಿವರಣೆ. ಇದು ಕಲ್ಪನೆಯೇನಲ್ಲ. ಪೆಟ್ಟಿಗೆ ನಿಂತ ಮೇಲೂ ಒಂದೆರಡು ತಾಸು ಮಂಡಿ ಹಾಯೆನಿಸುತ್ತಿತ್ತು, ಆ ಹಾಯಿಯಲ್ಲಿ ಮಡಚುವಿಕೆಯೂ ಸುಧಾರಿಸಿತು.

ತಪ್ಪು ಯಂತ್ರದ್ದಲ್ಲ, ಹಾಯೆನಿಸಿದ ಆ ಎರಡು ತಾಸನ್ನು ಯಾರೂ ಬಳಸಿಕೊಳ್ಳದಿದ್ದದ್ದು. ನೋವಿಲ್ಲದ ಆ ಹೊತ್ತಿನಲ್ಲಿ ಕಾಲಿಗೆ ಕೆಲಸ ಕೊಡಬೇಕಿತ್ತು. ನನಗೆ ಆಟೋ ಹತ್ತಿಸಿ ಕಳಿಸುತ್ತಿದ್ದರು. ಹದಿನೈದು ಸಿಟ್ಟಿಂಗಿಗೆ 350ರಂತೆ 5,250 ರೂಪಾಯಿ ಕೊಟ್ಟು, ಕೊನೆಯ ದಿನ ಮನೆಗೆ ಬಂದು ಟೇಪು ಸುತ್ತಿದರೆ ಎಡತೊಡೆ 45.5. ಅಲ್ಲಿ ಒಮ್ಮೆಯೂ ಯಾರೂ ತೊಡೆ ಅಳೆದಿರಲಿಲ್ಲ. ಇನ್ನೂ ಹತ್ತು ಸಿಟ್ಟಿಂಗ್ ಬೇಕಾಗುತ್ತದೆ ಎಂದು ಹೇಳಿದರು. ಯಾವುದರ ಆಧಾರದ ಮೇಲೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮೂರನೆಯದು ಒಂದು ಮನೆಯ ಮುಂದಿನ ಕೋಣೆ. ಅದನ್ನು ನಡೆಸುತ್ತಿದ್ದವರು ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಓದಿ, ಕ್ರೀಡಾ ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಮುಗಿಸಿದ, ನನಗಿಂತ ಹತ್ತು ವರ್ಷ ಚಿಕ್ಕವರಾದ ಹೆಣ್ಣುಮಗಳು. ಮೊದಲ ದಿನ ಅವರು ಮಾಡಿದ್ದು ಇಷ್ಟೇ: ತೂಕ ನೋಡುವ ಎರಡು ಮನೆಬಳಕೆಯ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ಎದುರಿನ ಗೋಡೆ ನೋಡುತ್ತಾ ನೇರ ನಿಲ್ಲಲು ಹೇಳಿದರು. ನಾನು ಸಮನಾಗಿ ನಿಂತಿದ್ದೇನೆ ಎಂದೇ ನನ್ನ ಭಾವನೆ. "ಈಗ ಕೆಳಗೆ ನೋಡಿ ಸರ್" ಎಂದರು. ಬಲಗಾಲಿನಡಿ 45, ಎಡಗಾಲಿನಡಿ 29. ಏಳೆಂಟು ವಾರಗಳಿಂದ ಯಾರ ಮಾತಿನಿಂದಲೂ ತಿಳಿಯದಿದ್ದ ಸಂಗತಿಯನ್ನು ಆ ಎರಡು ಮುಳ್ಳುಗಳು ತಿಳಿಸಿದವು. ಎಡಗಾಲಿನ ಮೇಲೆ ನನಗೇ ನಂಬಿಕೆ ಹೋಗಿತ್ತು, ಅದು ನನ್ನ ಅರಿವಿಗೇ ಬಂದಿರಲಿಲ್ಲ.

ಅಲ್ಲಿಯೂ ಕರೆಂಟಿನ ಪೆಟ್ಟಿಗೆ ಇತ್ತು, ಬಳಕೆ ಮಾತ್ರ ಬೇರೆ. ಪ್ಯಾಡುಗಳನ್ನು ತೊಡೆಯ ಸ್ನಾಯುವಿನ ಮೇಲೆ ಅಂಟಿಸಿ, ಯಂತ್ರ ಸ್ನಾಯುವನ್ನು ಬಿಗಿಸುವ ಪ್ರತಿ ಸಲವೂ ನಾನೂ ಜೊತೆಯಲ್ಲೇ ಬಿಗಿಯಬೇಕಿತ್ತು. ಎರಡು ವಾರದಲ್ಲಿ ಸ್ನಾಯು ಮಾತು ಕೇಳತೊಡಗಿದ ಮೇಲೆ ಪೆಟ್ಟಿಗೆಯನ್ನು ಮುಚ್ಚಿಟ್ಟರು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಕುರ್ಚಿಯಿಂದ ಒಂಟಿಗಾಲಿನಲ್ಲಿ ಏಳುವುದು, ಒಂದು ಇಟ್ಟಿಗೆಯ ಎತ್ತರದಿಂದ ನಿಧಾನವಾಗಿ ಇಳಿಯುವುದು. ಮನೆಯಲ್ಲಿ ಡಂಬೆಲ್ ಇಲ್ಲವೆಂದಾಗ ಮಗಳ ಹಳೆಯ ಶಾಲಾ ಚೀಲಕ್ಕೆ 5 ಕಿಲೋ ರಾಗಿ ತುಂಬಿ ಬೆನ್ನಿಗೆ ಹಾಕಿಕೊಳ್ಳಲು ಹೇಳಿದರು. ವಾರಕ್ಕೊಮ್ಮೆ ಒಂದು ಕಿಲೋ ಏರುತ್ತಿತ್ತು. ಈ ಲೆಕ್ಕ ನಮ್ಮಮ್ಮನಿಗೆ ರಾಗಿ ಡಬ್ಬಿ ಖಾಲಿಯಾಗುವ ವೇಗದಿಂದ ತಿಳಿಯುತ್ತಿತ್ತು.

ಅವರಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಭಾರ ಏರಿಸುವ ಧೈರ್ಯವನ್ನಲ್ಲ, ತಡೆಯುವ ಬುದ್ಧಿಯನ್ನು. ಮಂಡಿಯ ಒಳಬದಿಯಲ್ಲಿ ಅಂಗೈಯಿಂದ ಮೇಲಕ್ಕೆ ಸವರಿ, ಬಳಿಕ ಹೊರಬದಿಯಲ್ಲಿ ಕೆಳಕ್ಕೆ ಸವರುವರು. ಕೀಲಿನಲ್ಲಿ ನೀರಿದ್ದರೆ ಒಳಬದಿಯಲ್ಲಿ ಚಿಕ್ಕದೊಂದು ಅಲೆ ಉಬ್ಬುತ್ತದೆ. ಅಲೆ ಎದ್ದ ದಿನ ಭಾರ ಅರ್ಧಕ್ಕೆ ಇಳಿಯುತ್ತಿತ್ತು, ನಾನು ಎಷ್ಟೇ ಉತ್ಸಾಹ ತೋರಿದರೂ ಅಷ್ಟೇ. ಅದೇ ಕೋಣೆಗೆ ಬರುತ್ತಿದ್ದ ಕಬಡ್ಡಿ ಆಟಗಾರನೊಬ್ಬ ಎಸಿಎಲ್ ಆಪರೇಷನ್ ಆಗಿ ಆರನೆಯ ತಿಂಗಳಿಗೇ ಅಂಕಣಕ್ಕಿಳಿಯಲು ಹಟ ಹಿಡಿದಿದ್ದ. ಅವನಿಗೆ ಅವರು ಹೇಳಿದ್ದು ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಮಾತು: ಆಪರೇಷನ್ ಆದವರು ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡುವ ಪ್ರತಿಯೊಂದು ತಿಂಗಳಿಗೂ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸರಿಸುಮಾರು ಅರ್ಧದಷ್ಟು ತಗ್ಗುತ್ತಾ ಹೋಗಿತ್ತು. ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಇಟ್ಟಿಗೆ ಹತ್ತಿ ಇಳಿಯಲು ಹೋದ.

ಪರೀಕ್ಷೆ ಮತ್ತು ಮೌಲ್ಯಮಾಪನದ ಕಾಲದಲ್ಲಿ ಕೋಣೆಯ ಹೊತ್ತಿಗೂ ನನ್ನ ಹೊತ್ತಿಗೂ ಹೊಂದದೆ, ಎರಡು ತಿಂಗಳು ಬೆಂಗಳೂರಿನ ತರಬೇತುದಾರರೊಬ್ಬರನ್ನು ವಿಡಿಯೋ ಕರೆಯಲ್ಲಿ ಹಿಡಿದೆ. ರಾತ್ರಿ ಎಂಟಕ್ಕೆ ವಾರಕ್ಕೆರಡು ಕರೆ, ತಿಂಗಳಿಗೆ 3,000 ರೂಪಾಯಿ. ಇದನ್ನು ಕೀಳಾಗಿ ಕಾಣಲು ನಾನು ಸಿದ್ಧನಾಗಿದ್ದೆ, ಆದರೆ ಒಂದು ವಿಷಯದಲ್ಲಿ ಇದು ಉಳಿದೆಲ್ಲವನ್ನೂ ಮೀರಿಸಿತು. ನಾನು ಇಟ್ಟಿಗೆಯಿಂದ ಇಳಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕಳಿಸಿದರೆ ಅವರು ಅದನ್ನು ನಿಧಾನಗತಿಯಲ್ಲಿ ತಿರುಗಿಸಿ ತೋರಿಸುತ್ತಿದ್ದರು. ಎಡಮಂಡಿ ಪ್ರತಿ ಸಲವೂ ಒಳಕ್ಕೆ ವಾಲುತ್ತಿರುವುದು, ಅದಕ್ಕೆ ಮೂಲ ಮಂಡಿಯಲ್ಲಲ್ಲ ಸೊಂಟದ ಪಕ್ಕದ ಸ್ನಾಯುವಿನ ದೌರ್ಬಲ್ಯದಲ್ಲಿರುವುದು, ಆಗ ನನಗೆ ಕಣ್ಣಾರೆ ಕಂಡಿತು. ಮಳೆಗೆ ಕರೆಂಟು ಹೋಗಿ ಕರೆ ಕಡಿದುಹೋಗುತ್ತಿದ್ದುದು ದೊಡ್ಡ ತೊಂದರೆಯಲ್ಲ. ನಿಜವಾದ ಕೊರತೆ ಮಂಡಿ ಮುಟ್ಟಿ ನೋಡುವ ಕೈ ಇಲ್ಲದಿರುವುದು. ಆರನೆಯ ವಾರ ಹಾರುವ ವ್ಯಾಯಾಮ ಶುರುಮಾಡಿದಾಗ, ಊತವಿದೆಯೇ ಎಂದು ಅವರು ಕೇಳಿದ್ದಕ್ಕೆ ಇಲ್ಲವೆಂದೇ ಹೇಳಿದ್ದೆ, ಸುಳ್ಳು ಹೇಳುವ ಉದ್ದೇಶದಿಂದಲ್ಲ. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಹಳೆಯ ಕೋಣೆಗೆ ಹೋದರೆ, ಅವರು ಒಂದೇ ಸಲ ಸವರಿ ಅಲೆಯನ್ನು ತೋರಿಸಿದರು. ಆ ದಿನ ಅದನ್ನು ನನ್ನ ಕೈಯಿಂದಲೇ ನೋಡಿಕೊಳ್ಳಲು ಕಲಿಸಿದರು; ಅದಾದ ಮೇಲೆ ವಿಡಿಯೋ ತರಬೇತಿಯ ಅರ್ಧ ದೋಷ ನೀಗಿತು.

ಹಣದ ಲೆಕ್ಕದಲ್ಲಿ ವ್ಯಾಯಾಮದ ಕೋಣೆಯೇ ದುಬಾರಿ: 400ರಂತೆ ಒಟ್ಟು 30 ಭೇಟಿ, 12,000 ರೂಪಾಯಿ. ಆದರೆ ಭೇಟಿಗಳನ್ನು ವಾರಕ್ಕೆ ಮೂರರಿಂದ ಒಂದಕ್ಕೆ, ಆಮೇಲೆ ಹದಿನೈದು ದಿನಕ್ಕೊಂದಕ್ಕೆ ಅವರೇ ಇಳಿಸಿದರು. ನನ್ನನ್ನು ಬೇಗ ಬಿಡಿಸಿಕೊಳ್ಳಲು ಹವಣಿಸಿದ್ದು ಈ ನಾಲ್ವರಲ್ಲಿ ಅವರೊಬ್ಬರೇ. ನಾಲ್ಕು ತಿಂಗಳ ವ್ಯಾಯಾಮದ ಕೊನೆಗೆ ಎಡತೊಡೆ 48 ಸೆಂಟಿಮೀಟರಿಗೆ ಬಂದಿತ್ತು. ಒಂಟಿಗಾಲಿನಲ್ಲಿ ಮುಂದಕ್ಕೆ ಹಾರಿ ಅಳೆಯುವ ಪರೀಕ್ಷೆಯಲ್ಲಿ ಬಲಗಾಲು 142 ಸೆಂಟಿಮೀಟರ್ ಹಾರಿದರೆ ಎಡಗಾಲು ಮೊದಲ ಸಲ 98, ಅಂದರೆ ಶೇಕಡಾ 69. ಆಟಕ್ಕೆ ಮರಳಲು ಶೇಕಡಾ 90 ಆದರೂ ಇರಬೇಕೆಂಬುದು ರೂಢಿಯ ಗೆರೆ. ಹತ್ತನೆಯ ತಿಂಗಳು ಎಡಗಾಲಿನ ಹಾರಿಕೆ 130 ಸೆಂಟಿಮೀಟರಿಗೆ ಮುಟ್ಟಿತು. ಗೆರೆ ದಾಟಿದರೂ ಬಲೆಯ ಹತ್ತಿರ ಹಾರುವ ಆಟವನ್ನು ನಾನು ಬಿಟ್ಟಿದ್ದೇನೆ, ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತಿಕೊಡುತ್ತೇನೆ. ಇಪ್ಪತ್ತರ ಹರೆಯದ ಆಟಗಾರ ಇದಕ್ಕೆ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ತಿರುಗಿ ತಿರುಗಿ ಓಡುವ ಆಟವೇ ಬದುಕಾದವನು ಆಪರೇಷನ್ನಿನ ಮಾತನ್ನು ತಜ್ಞರೊಡನೆ ಬೇರೆಯಾಗಿಯೇ ಆಡಬೇಕು.

ಹನ್ನೊಂದನೆಯ ತಿಂಗಳಲ್ಲಿ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಬೇಕಾಯಿತು. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುವುದು ಕಷ್ಟವಾಗಲಿಲ್ಲ. ಇಳಿಯುವುದು ಬೇರೆ ಲೆಕ್ಕ, ಏಕೆಂದರೆ ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಯಬೇಕು. ಅರ್ಧದವರೆಗೆ ಕಂಬಿ ಹಿಡಿಯದೆ ಇಳಿದೆ, ಉಳಿದರ್ಧ ಹಿಡಿದುಕೊಂಡೇ ಇಳಿದೆ. ಮರುದಿನ ಬೆಳಿಗ್ಗೆ ಮಂಚದ ಮೇಲೆ ಕೂತು ಮಂಡಿ ಸವರಿ ನೋಡಿದಾಗ ಒಳಬದಿಯಲ್ಲಿ ಸಣ್ಣ ಅಲೆಯೊಂದು ಎದ್ದಿತು. ರಾಗಿಯ ಚೀಲವನ್ನು ಎರಡು ದಿನ ಮುಟ್ಟಲಿಲ್ಲ; ಮೂರನೆಯ ದಿನ ಅಲೆ ಇರಲಿಲ್ಲ.