ಇಂಗ್ಲಿಷ್ ಸಂಭಾಷಣೆಗೆ ಯಾವ ಅಭ್ಯಾಸ ಒದಗುತ್ತದೆ? ಮಾಡಿ ನೋಡಿದ ದಾರಿಗಳ ಹೋಲಿಕೆ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಕಾಲೇಜಿಗೆ ಬರುವ ಬಹುಪಾಲು ವಿದ್ಯಾರ್ಥಿಗಳು ಆ ಹೊತ್ತಿಗಾಗಲೇ ಅನೇಕ ವರ್ಷ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿತಿರುತ್ತಾರೆ. ಪಠ್ಯದ ಗದ್ಯವನ್ನು ಓದಿ ತಿಳಿದುಕೊಳ್ಳುವುದಾಗಲಿ, ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆಯುವುದಾಗಲಿ ಅವರಿಗೆ ಆಗದ ಕೆಲಸವಲ್ಲ. ಆದರೂ ಪ್ರಯೋಗಾಲಯದಲ್ಲಿ ಹೊರರಾಜ್ಯದ ಸಹಪಾಠಿಯೊಬ್ಬರು ಇಂಗ್ಲಿಷಿನಲ್ಲಿ ಸರಳವಾದ ಒಂದು ಪ್ರಶ್ನೆ ಕೇಳಿದಾಗ, ಚೆನ್ನಾಗಿ ಗೊತ್ತಿರುವ ಪದಗಳೇ ನಾಲಿಗೆಗೆ ಬಾರದೆ ಉಳಿದುಬಿಡುತ್ತವೆ. ಇಲ್ಲಿ ಕೊರತೆಯಿರುವುದು ತಿಳಿವಳಿಕೆಗಿಂತ ಹೆಚ್ಚಾಗಿ ವೇಗದಲ್ಲಿ. ಹತ್ತು ಭಾಷೆಗಳ ಸಹಜ ಮಾತುಕತೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡುಗಳಷ್ಟು, ಅಂದರೆ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು. ಮನಸ್ಸಿನಲ್ಲಿ ಕನ್ನಡದ ವಾಕ್ಯ ಕಟ್ಟಿಕೊಂಡು, ಕೊನೆಯಲ್ಲಿರುವ ಕ್ರಿಯಾಪದವನ್ನು ನಡುವಿಗೆ ತಂದು, ಕಾಲವನ್ನು ಸರಿಪಡಿಸಿ ಹೇಳಲು ಹೊರಟವರಿಗೆ ಅಷ್ಟು ಬಿಡುವಿನಲ್ಲಿ ಏನೂ ಆಗುವುದಿಲ್ಲ.

ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವಾಗ ಈ ತೊಡಕನ್ನು ದಾಟಲು ನಾನು ಬೇರೆ ಬೇರೆ ಅಭ್ಯಾಸಗಳನ್ನು ಹಿಡಿದು ನೋಡಿದೆ: ಹಣ ಕೊಟ್ಟು ಸೇರಿದ ಸ್ಪೋಕನ್ ಇಂಗ್ಲಿಷ್ ತರಗತಿ, ಧ್ವನಿಮುದ್ರಣದ ಜೊತೆಜೊತೆಗೇ ಮಾತಾಡುವ ಶ್ಯಾಡೋಯಿಂಗ್, ಕೃತಕ ಬುದ್ಧಿಮತ್ತೆಯ ಆ್ಯಪ್ ಜೊತೆಗಿನ ಮಾತುಕತೆ, ಕನ್ನಡ ಬಾರದ ಹಾಸ್ಟೆಲ್ ಗೆಳತಿಯೊಡನೆ ನಿತ್ಯದ ಸಂಭಾಷಣೆ, ಭಾಷಣದ ಅಭ್ಯಾಸಕ್ಕೆಂದೇ ನಡೆಯುವ, ನಾನು ಅತಿಥಿಯಾಗಿ ಹೋಗಿ ಬಂದ ಟೋಸ್ಟ್‌ಮಾಸ್ಟರ್ಸ್ ಸಭೆಗಳು. ಇವನ್ನು ತೂಗಿ ನೋಡುವಾಗ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡಿದ್ದೇನೆ. ಒಂದು ಗಂಟೆಯ ಅಭ್ಯಾಸದಲ್ಲಿ ನಾನೇ ಬಾಯಿಬಿಟ್ಟು ಮಾತಾಡುವ ನಿಮಿಷಗಳು ಎಷ್ಟು? ನನ್ನ ಮಾತು ಕೇಳುವವರಿಗೆ ತಲುಪದಿದ್ದರೆ ಅದು ನನಗೆ ಅಲ್ಲೇ ತಿಳಿಯುತ್ತದೆಯೇ? ಇಂಟರ್ನಲ್ಸ್, ರೆಕಾರ್ಡು, ಪ್ರಾಕ್ಟಿಕಲ್ ಪರೀಕ್ಷೆಗಳ ವಾರದಲ್ಲೂ ಇದನ್ನು ಬಿಡದೆ ನಡೆಸಬಹುದೇ?

ಮೊದಲ ಪ್ರಶ್ನೆಯಲ್ಲೇ ಸ್ಪೋಕನ್ ಇಂಗ್ಲಿಷ್ ತರಗತಿ ಹಿಂದೆ ಬೀಳುತ್ತದೆ. ಒಂದು ಬ್ಯಾಚಿನಲ್ಲಿ ನಲವತ್ತು ಮಂದಿ ಇದ್ದಾರೆಂದುಕೊಳ್ಳೋಣ. ಶಿಕ್ಷಕರು ಇಡೀ ಗಂಟೆ ಒಂದು ಮಾತನ್ನೂ ಆಡದೆ ಎಲ್ಲರಿಗೂ ಸಮಾನವಾಗಿ ಅವಕಾಶ ಕೊಟ್ಟರೂ ತಲಾ ಒಂದೂವರೆ ನಿಮಿಷಕ್ಕಿಂತ ಹೆಚ್ಚು ದೊರೆಯಲಾರದು. ಶಿಕ್ಷಕರು ಕಾಲಗಳ ಕೋಷ್ಟಕವನ್ನು ಹಲಗೆಯ ಮೇಲೆ ಬರೆದು ವಿವರಿಸುವ ತರಗತಿಯಲ್ಲಿ ಅಷ್ಟೂ ದೊರೆಯುವುದಿಲ್ಲ. ನಾನು ಸೇರಿದ್ದ ಕಡೆ ಸಂಜೆಯ ಬ್ಯಾಚು ಮುಗಿಯುವುದಕ್ಕೂ ಹಾಸ್ಟೆಲಿನ ಗೇಟು ಹಾಕುವುದಕ್ಕೂ ನಡುವೆ ಹೆಚ್ಚು ವೇಳೆ ಇರುತ್ತಿರಲಿಲ್ಲವಾದ್ದರಿಂದ, ತರಗತಿಯ ನಂತರ ನಿಂತು ಮಾತಾಡಿಕೊಳ್ಳುವ ಅವಕಾಶವೂ ಇರಲಿಲ್ಲ. ಆದರೆ ಈ ತರಗತಿಗಳಿಂದ ಪ್ರಯೋಜನವೇ ಇಲ್ಲ ಎನ್ನುವುದು ಅನ್ಯಾಯವಾಗುತ್ತದೆ. ವ್ಯಾಕರಣದ ಸೂಕ್ಷ್ಮವನ್ನು ಕನ್ನಡದಲ್ಲೇ ಬಿಡಿಸಿ ಹೇಳುವವರು ಅಲ್ಲಿ ಸಿಗುತ್ತಾರೆ. ಕ್ಯಾಂಪಸ್ ನೇಮಕಾತಿಯಲ್ಲಿ ಎದುರಾಗುವ ಸ್ವಪರಿಚಯ, ಕೊಟ್ಟ ವಿಷಯದ ಮೇಲೆ ಒಂದು ನಿಮಿಷ ಮಾತಾಡುವ 'ಜಸ್ಟ್ ಎ ಮಿನಿಟ್' ಸುತ್ತು ಇವುಗಳಿಗೆ ಸಿದ್ಧತೆ ಆಗುತ್ತದೆ. ಇವೆರಡೂ ಮೊದಲೇ ಸಿದ್ಧಪಡಿಸಿಕೊಂಡು ಒಬ್ಬರೇ ಆಡುವ ಮಾತುಗಳಾಗಿರುವುದರಿಂದ, ಎದುರಿನವರ ಮಾತಿಗೆ ತಕ್ಕಂತೆ ಹೊರಳಬೇಕಾದ ಸಂಭಾಷಣೆಗೆ ಅವು ಅಷ್ಟಾಗಿ ಒದಗುವುದಿಲ್ಲ.

ಶ್ಯಾಡೋಯಿಂಗ್ ಇದಕ್ಕೆ ತೀರ ವಿರುದ್ಧವಾದ ಅಭ್ಯಾಸ. ಇಲ್ಲಿ ಇಡೀ ವೇಳೆ ನಮ್ಮ ಬಾಯಿ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಕೇಳುವವರು ಯಾರೂ ಇರುವುದಿಲ್ಲ. 1943ರಲ್ಲಿ ರೇಡಿಯೊ ಮೂಲಕ ಇಂಗ್ಲಿಷ್ ಪಾಠಗಳನ್ನು ಆರಂಭಿಸಿದ ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಕಾರ್ಯಕ್ರಮವನ್ನು ನಾನು ಇದಕ್ಕೆ ಆರಿಸಿಕೊಂಡೆ. ಇಬ್ಬರು ನಿರೂಪಕರು ಆರು ನಿಮಿಷ ಒಂದು ವಿಷಯ ಕುರಿತು ಮಾತಾಡಿಕೊಳ್ಳುತ್ತಾರೆ. ಆ ಮಾತುಗಳ ಲಿಖಿತ ರೂಪವೂ ಉಚಿತವಾಗಿ ಸಿಗುತ್ತದೆ. ಮೊದಲು ಪಠ್ಯವನ್ನು ನೋಡದೆ ಕೇಳಿ, ಆಮೇಲೆ ಪಠ್ಯದಲ್ಲಿ ಒತ್ತು ಬೀಳುವ ಅಕ್ಷರಗಳಿಗೆ ಪೆನ್ಸಿಲ್ ಗುರುತು ಹಾಕಿಕೊಂಡು, ಕೊನೆಗೆ ನಿರೂಪಕರ ಮಾತಿನ ಬೆನ್ನಿಗೇ ಅದೇ ಏರಿಳಿತದಲ್ಲಿ ಹೇಳುತ್ತಾ ಹೋಗುವುದು ನನ್ನ ಕ್ರಮವಾಗಿತ್ತು.

ಕನ್ನಡಿಗರಿಗೆ ಈ ಅಭ್ಯಾಸದಿಂದ ಸಿಗುವ ಲಾಭ ದೊಡ್ಡದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ತನ್ನ ಪಾಲಿನ ಕಾಲ ದೊರೆಯುತ್ತದೆ. ಇಂಗ್ಲಿಷಿನಲ್ಲಾದರೋ ಒತ್ತು ಬಿದ್ದ ಅಕ್ಷರ ಹಿಗ್ಗಿ, ಅದರ ಅಕ್ಕಪಕ್ಕದ 'ಟು', 'ಆಫ್', 'ಅಂಡ್' ಮುಂತಾದ ಸಣ್ಣ ಪದಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬರಹದಲ್ಲಿ ಬಿಡಿಬಿಡಿಯಾಗಿ ಕಂಡ 'ವಾಟ್ ಆರ್ ಯು ಗೋಯಿಂಗ್ ಟು ಡು' ಎಂಬ ಪ್ರಶ್ನೆ ಕಿವಿಗೆ 'ವಾಟರ್ಯ ಗೊನ ಡು' ಎಂದು ಬಿದ್ದಾಗ, ಆರೂ ಪದಗಳನ್ನು ಬಲ್ಲವರಿಗೂ ಏನು ಕೇಳಿದರೆಂಬುದು ತಿಳಿಯದೆ ಹೋಗುವುದು ಇದರಿಂದಲೇ. ಶ್ಯಾಡೋಯಿಂಗ್ ಮೊದಲು ಪಳಗಿಸುವುದು ಕಿವಿಯನ್ನು, ಆಮೇಲೆ ನಾಲಿಗೆಯನ್ನು. 'ಬಸ್', 'ಬುಕ್' ಮುಂತಾದ ವ್ಯಂಜನಾಂತ್ಯ ಪದಗಳ ಕೊನೆಗೆ ಉಕಾರ ಸೇರಿಸುವ ನಮ್ಮ ರೂಢಿಯೂ ಇದರಿಂದ ತಾನಾಗಿ ಸಡಿಲವಾಗುತ್ತದೆ. ಬ್ರಿಟಿಷರಂತೆ ಮಾತಾಡಬೇಕೆಂಬ ಆಸೆಯಿಂದ ಇದನ್ನು ಹಿಡಿಯುವವರ ಬಗ್ಗೆ ನನಗೆ ಸಮ್ಮತಿಯಿಲ್ಲ. ನಮ್ಮ ಉಚ್ಚಾರಣೆಯಲ್ಲಿ ಕನ್ನಡದ ಛಾಯೆ ಇದ್ದರೆ ಯಾವ ಹಾನಿಯೂ ಇಲ್ಲ. ಒತ್ತು ತಪ್ಪಾದ ಜಾಗದಲ್ಲಿ ಬಿದ್ದು ಪದವೇ ಗುರುತು ಸಿಗದಂತಾದಾಗ ಮಾತ್ರ ತೊಂದರೆ.

ಇದರ ಮಿತಿಯೂ ಸ್ಪಷ್ಟವಾಗಿದೆ. ಇಲ್ಲಿ ನಾವು ಆಡುವ ಒಂದು ವಾಕ್ಯವೂ ನಾವು ಕಟ್ಟಿದ್ದಲ್ಲ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದ ಶಾಲೆಗಳಲ್ಲಿ ಓದುತ್ತಿದ್ದ ಇಂಗ್ಲಿಷ್ ಭಾಷಿಕ ಮಕ್ಕಳನ್ನು ಗಮನಿಸಿದ ಭಾಷಾಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್ ಅವರು, ವರ್ಷಗಟ್ಟಲೆ ಫ್ರೆಂಚ್ ಕೇಳಿ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದ ಆ ಮಕ್ಕಳು ಮಾತಿನಲ್ಲಿ ಮಾತ್ರ ಹಿಂದುಳಿದಿದ್ದುದನ್ನು ಕಂಡು, ಭಾಷೆ ಕಲಿಯುವವರು ತಾವೇ ವಾಕ್ಯ ಕಟ್ಟಬೇಕಾದ ಒತ್ತಡಕ್ಕೆ ಒಳಗಾಗಬೇಕು ಎಂದು 1985ರಲ್ಲಿ ವಾದಿಸಿದರು. ಶ್ಯಾಡೋಯಿಂಗ್ ಒಂದನ್ನೇ ನೆಚ್ಚಿಕೊಂಡಿದ್ದ ಕಾಲದ ನನ್ನ ಸ್ಥಿತಿಗೆ ಈ ಮಾತು ಹಾಗೆಯೇ ಅನ್ವಯಿಸುತ್ತದೆ: ಸುದ್ದಿ ವಾಚನ ತಿಳಿಯುತ್ತಿತ್ತು, ಕ್ರಿಕೆಟ್ ವೀಕ್ಷಕ ವಿವರಣೆ ತಿಳಿಯುತ್ತಿತ್ತು, ಉತ್ತರ ಕೊಡುವ ಹೊತ್ತಿಗೆ ಮಾತ್ರ ಮೊದಲಿನ ತಡವರಿಕೆಯೇ ಇರುತ್ತಿತ್ತು.

ವಾಕ್ಯ ಕಟ್ಟುವ ಒತ್ತಡವನ್ನು ಧ್ವನಿಯಲ್ಲೇ ಮಾತಾಡುವ ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದು ಮಟ್ಟಿಗೆ ಒದಗಿಸುತ್ತದೆ. ರಾತ್ರಿ ಹನ್ನೊಂದಕ್ಕೂ ಅದು ಸಿದ್ಧ, ಖರ್ಚೆಂದರೆ ಡೇಟಾ ಮಾತ್ರ, ಎಷ್ಟು ಸಲ ತಡವರಿಸಿದರೂ ಸಂಕೋಚಪಡಬೇಕಾಗಿಲ್ಲ. ನಾಚಿಕೆಯೇ ದೊಡ್ಡ ಅಡ್ಡಿಯಾಗಿರುವ ಮೊದಲ ಸೆಮಿಸ್ಟರಿನ ವಿದ್ಯಾರ್ಥಿನಿಗೆ ಇದು ಸಣ್ಣ ಉಪಕಾರವಲ್ಲ. ಮಾತು ಮುಗಿದ ಮೇಲೆ 'ನನ್ನ ತಪ್ಪುಗಳನ್ನು ಪಟ್ಟಿ ಮಾಡು' ಎಂದು ಕೇಳಿದರೆ, 'ಐ ಆಮ್ ನೋಯಿಂಗ್', 'ಡಿಸ್ಕಸ್ ಅಬೌಟ್' ಮುಂತಾದ ಪ್ರಯೋಗಗಳನ್ನು ಹೆಕ್ಕಿ ತೋರಿಸುತ್ತದೆ. ವ್ಯಾಕರಣ ತಿದ್ದುವುದರಲ್ಲಿ ಉಳಿದ ಯಾವ ದಾರಿಯೂ ಇದಕ್ಕೆ ಸಮನಾಗಲಿಲ್ಲ.

ಎರಡನೆಯ ಪ್ರಶ್ನೆಗೆ ಬಂದರೆ ಮಾತ್ರ ಈ ಆ್ಯಪ್ ನಂಬಿಕೆಗೆ ಅರ್ಹವಲ್ಲ. ನಮ್ಮ ಉಚ್ಚಾರಣೆ ಅಸ್ಪಷ್ಟವಾಗಿದ್ದರೂ ಅದು ಸಂದರ್ಭದಿಂದ ಊಹಿಸಿ, ಪರದೆಯ ಮೇಲೆ ಸರಿಯಾದ ವಾಕ್ಯವನ್ನೇ ಬರೆದುಬಿಡುತ್ತದೆ. ಮನುಷ್ಯರಿಗೆ ತಿಳಿಯದೆ ಹೋಗಬಹುದಾಗಿದ್ದ ಮಾತು ಅದಕ್ಕೆ ತಿಳಿದಂತೆ ತೋರುವುದರಿಂದ, ಎಲ್ಲಿ ಎಡವಿದೆವೆಂಬುದೇ ಗೊತ್ತಾಗುವುದಿಲ್ಲ. ಅದರ ಜೊತೆಗೆ, ಹೇಳಬೇಕಾದ ಸಂಗತಿ ಅದಕ್ಕೆ ಬೇಕಾಗಿಯೇ ಇಲ್ಲ. ನಾನು ಉಪ್ಪಿಟ್ಟಿನ ಬಗ್ಗೆ ಹೇಳಿದರೂ ಟೈಟ್ರೇಷನ್ ಬಗ್ಗೆ ಹೇಳಿದರೂ ಅದು ಒಂದೇ ಬಗೆಯ ಮೆಚ್ಚುಗೆ ಸೂಚಿಸಿ ಇನ್ನೊಂದು ಪ್ರಶ್ನೆ ಕೇಳುತ್ತದೆ. ಅರ್ಧದಲ್ಲಿ ಮಾತು ತಡೆದು 'ಏನು, ಏನು ಅಂದೆ?' ಎಂದು ಹುಬ್ಬುಗಂಟಿಕ್ಕುವ ಮುಖ ಅಲ್ಲಿಲ್ಲ.

ಆ ಮುಖ ನನಗೆ ಸಿಕ್ಕಿದ್ದು ಮಣಿಪುರದಿಂದ ಓದಲು ಬಂದಿದ್ದ ಹಾಸ್ಟೆಲ್ ಗೆಳತಿಯಲ್ಲಿ. ಅವಳಿಗೆ ಕನ್ನಡ ಬಾರದು, ನನಗೆ ಮೈತೇಯಿ ಬಾರದು. ಹಿಂದಿ ನನಗೆ ಅಷ್ಟಕ್ಕಷ್ಟೆ. ಹೀಗಾಗಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಇಂಗ್ಲಿಷಿನ ಹೊರತು ಬೇರೆ ಆಸರೆ ಇರಲಿಲ್ಲ. ಇದಕ್ಕೆ ಮೊದಲು ಕನ್ನಡದ ಗೆಳತಿಯರೊಡನೆಯೇ ಇಂಗ್ಲಿಷಿನಲ್ಲಿ ಮಾತಾಡುವ ನಿಯಮ ಮಾಡಿಕೊಂಡಿದ್ದೆವು. ಒಂದು ಪದ ಸಿಗದಿದ್ದರೆ ಕನ್ನಡಕ್ಕೆ ಜಾರುವುದು ಸುಲಭವಾಗಿದ್ದರಿಂದ ಆ ನಿಯಮ ಉಳಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕನ್ನಡದ ಜಾಡಿನಲ್ಲೇ ಕಟ್ಟಿದ ಇಂಗ್ಲಿಷ್ ವಾಕ್ಯ ಕನ್ನಡದ ಗೆಳತಿಗೆ ತಕ್ಷಣ ಅರ್ಥವಾಗುತ್ತದೆ. ಅರ್ಥವಾದ ವಾಕ್ಯವನ್ನು ಯಾರೂ ತಿದ್ದಿಕೊಳ್ಳುವುದಿಲ್ಲ.

ಮಣಿಪುರದ ಗೆಳತಿಯೊಡನೆ ಹಾಗಾಗುವುದಿಲ್ಲ. ದಸರೆಯ ಸಮಯದಲ್ಲಿ ಜಂಬೂ ಸವಾರಿಯ ಬಗ್ಗೆ ಅವಳು ಕೇಳಿದಳು. ಅರಮನೆಯಿಂದ ಆನೆ ಚಿನ್ನದ ಅಂಬಾರಿ ಹೊತ್ತು ಬನ್ನಿಮಂಟಪದವರೆಗೆ ಹೋಗುತ್ತದೆ ಎಂದು ಹೇಳಿದೆ. ಅಂಬಾರಿ ಎಂದರೇನು, ಬನ್ನಿಮಂಟಪಕ್ಕೇ ಏಕೆ ಹೋಗಬೇಕು ಎಂದು ಅವಳು ಮರುಪ್ರಶ್ನೆ ಹಾಕಿದಾಗ, ಬನ್ನಿಮರ, ಅಜ್ಞಾತವಾಸಕ್ಕೆ ಹೊರಟ ಪಾಂಡವರು ಅದರಲ್ಲಿ ಆಯುಧಗಳನ್ನು ಬಚ್ಚಿಟ್ಟ ಕಥೆ, ವಿಜಯದಶಮಿಯಂದು ಬನ್ನಿ ಪತ್ರೆ ಹಂಚಿಕೊಳ್ಳುವ ಪದ್ಧತಿ ಎಲ್ಲವನ್ನೂ ನನ್ನಲ್ಲಿದ್ದ ಸಣ್ಣ ಪದಗಳಿಂದಲೇ ಬಿಡಿಸಬೇಕಾಯಿತು. ಅಜ್ಞಾತವಾಸಕ್ಕೆ ಪದ ಸಿಗದಿದ್ದಾಗ 'ಯಾರಿಗೂ ಗುರುತು ಸಿಗದಂತೆ ಒಂದು ವರ್ಷ ಬದುಕಬೇಕಾಗಿತ್ತು' ಎಂಬ ಅರ್ಥ ಬರುವಂತೆ ಸುತ್ತಿ ಹೇಳಿದೆ. ಹೀಗೆ ಸುತ್ತಿ ಹೇಳುವುದೇ ಸಂಭಾಷಣೆಯ ಬಹು ಮುಖ್ಯವಾದ ಕೌಶಲವೆಂದು ನನಗೆ ಮನವರಿಕೆಯಾಗಿದೆ. ತರಗತಿಯಲ್ಲಿ ಅದಕ್ಕೆ ಒಂದು ಪಾಠವೂ ಇರಲಿಲ್ಲ. ಅವಳೂ ಹಾಗೆಯೇ, ಬೇಯಿಸಿದ ತರಕಾರಿಯನ್ನು ಹುದುಗು ಬಂದ ಮೀನು, ಮೆಣಸಿನಕಾಯಿಗಳೊಡನೆ ಜಜ್ಜಿ ಮಾಡುವ ಎರೊಂಬವನ್ನು, ಮೀನಿನ ರುಚಿಯೇ ಗೊತ್ತಿಲ್ಲದ ನನಗೆ ವಿವರಿಸಬೇಕಾಯಿತು. ಇಬ್ಬರಿಗೂ ತಿಳಿಯುವ ಆಸಕ್ತಿ ಇತ್ತು, ಇಬ್ಬರಿಗೂ ಹೇಳುವ ಅಗತ್ಯವಿತ್ತು, ಮಾತಿನ ವೇಳೆ ಇಬ್ಬರಿಗೂ ಹೆಚ್ಚುಕಡಿಮೆ ಅರ್ಧರ್ಧ ಸಿಗುತ್ತಿತ್ತು.

ಈ ಅಭ್ಯಾಸಕ್ಕೆ ಇನ್ನಷ್ಟು ಬಿಗಿ ಕೊಟ್ಟದ್ದು 4/3/2 ಎಂಬ ಕ್ರಮ. ನ್ಯೂಜಿಲೆಂಡಿನ ಭಾಷಾಬೋಧನಾ ವಿದ್ವಾಂಸ ಪಾಲ್ ನೇಷನ್ ಅವರ ಬರಹಗಳಿಂದ ಹೆಚ್ಚು ಬಳಕೆಗೆ ಬಂದ ಇದರಲ್ಲಿ, ಒಂದೇ ವಿಷಯವನ್ನು ಮೊದಲು ಒಬ್ಬರಿಗೆ 4 ನಿಮಿಷದಲ್ಲಿ, ಆಮೇಲೆ ಇನ್ನೊಬ್ಬರಿಗೆ 3 ನಿಮಿಷದಲ್ಲಿ, ಕೊನೆಗೆ ಮತ್ತೊಬ್ಬರಿಗೆ 2 ನಿಮಿಷದಲ್ಲಿ ಹೇಳಬೇಕು. ಕೇಳುವವರು ಪ್ರತಿ ಸಲ ಹೊಸಬರಾಗಿರುವುದರಿಂದ ವಿಷಯ ಹಳಸುವುದಿಲ್ಲ. ಹೇಳುವವರಿಗೆ ಏನು ಹೇಳಬೇಕೆಂಬುದು ಆಗಲೇ ಗೊತ್ತಿರುವುದರಿಂದ ಗಮನವೆಲ್ಲ ವೇಗದ ಕಡೆಗೆ ಹರಿಯುತ್ತದೆ. ರಾತ್ರಿ ಊಟದ ನಂತರ ನಾವು ನಾಲ್ವರು ಸೇರಿ ಇದನ್ನು ನಡೆಸಿದೆವು. ಮೊದಲ ಸುತ್ತಿನಲ್ಲಿ ತಡೆತಡೆದು ಬಂದ ವಾಕ್ಯ ಮೂರನೆಯ ಸುತ್ತಿನಲ್ಲಿ ಕನ್ನಡದ ನೆರವಿಲ್ಲದೆ ಇಡಿಯಾಗಿ ಬರುವುದು ಹೇಳುವವರಿಗೂ ಕೇಳುವವರಿಗೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ವೇಗದ ಕೊರತೆಗೆ ನಾನು ಕಂಡ ನೇರವಾದ ಮದ್ದು ಇದೇ.

ಗೆಳತಿಯೊಡನೆ ಆಡುವ ಮಾತಿನಲ್ಲಿ ವ್ಯಾಕರಣ ಸುಧಾರಿಸುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್' ಎನ್ನುವುದು ಇಂಫಾಲದಲ್ಲೂ ಅರ್ಥವಾಗುತ್ತದೆ, ಮೈಸೂರಿನಲ್ಲೂ ಅರ್ಥವಾಗುತ್ತದೆ. ಅದಕ್ಕಾಗಿ ನಾನು ಆ್ಯಪನ್ನು ಬಿಡದೆ, ಅದರ ಜಾಗವನ್ನು ಮಾತ್ರ ಬದಲಿಸಿದೆ. ನಡಿಗೆಯಲ್ಲಿ ಹೇಳಲು ಬಾರದೆ ಹೋದ ಎರಡು ಮೂರು ವಿಷಯಗಳನ್ನು ಬರೆದಿಟ್ಟುಕೊಂಡು, ಅವನ್ನು ಸರಿಯಾಗಿ ಹೇಳುವುದು ಹೇಗೆಂದು ರಾತ್ರಿ ಅದರಲ್ಲಿ ಕೇಳಿ, ಮರುದಿನ ಅದೇ ಗೆಳತಿಯ ಮುಂದೆ ಆ ಮಾತನ್ನು ಮತ್ತೆ ಎತ್ತುತ್ತೇನೆ. ಆ್ಯಪ್ ಜೊತೆ ಮೊದಲು ಮಾತಾಡಿ ಆಮೇಲೆ ಮನುಷ್ಯರ ಕಡೆಗೆ ಹೋಗುವುದಕ್ಕಿಂತ ಈ ಕ್ರಮ ಬಹಳ ಮೇಲು, ಏಕೆಂದರೆ ಆಗ ಕಲಿಯುವ ಪ್ರತಿಯೊಂದು ವಾಕ್ಯವೂ ನಿಜವಾಗಿ ಬೇಕಾಗಿದ್ದ ವಾಕ್ಯವಾಗಿರುತ್ತದೆ.

1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್ ಸಂಘಟನೆಯ ಸಭೆಗಳು ಬೇರೆ ಜಾತಿಯವು. ಐದರಿಂದ ಏಳು ನಿಮಿಷದ ಸಿದ್ಧ ಭಾಷಣ, ಅದನ್ನು ವಿಮರ್ಶಿಸಲೆಂದೇ ನೇಮಕವಾದ ಒಬ್ಬರು, ವೇಳೆ ನೋಡಿ ಹಸಿರು, ಹಳದಿ, ಕೆಂಪು ಸೂಚನೆ ತೋರಿಸುವ ಇನ್ನೊಬ್ಬರು, 'ಆ', 'ಉಂ' ಎಂಬ ತಡವರಿಕೆಗಳನ್ನು ಎಣಿಸುವ ಮತ್ತೊಬ್ಬರು ಹೀಗೆ ಎಲ್ಲವೂ ಅಚ್ಚುಕಟ್ಟು. ಸಭಾಕಂಪ ಹೋಗಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ನೋಡಿಲ್ಲ. ಆಗಲೇ ತಕ್ಕಮಟ್ಟಿಗೆ ಮಾತಾಡಬಲ್ಲವರಿಗೆ ಅದು ಹೆಚ್ಚು ಒಪ್ಪುತ್ತದೆ. ಮೂರನೆಯ ವರ್ಷದಲ್ಲಿ ಸೇರಬಹುದು.

ಪರೀಕ್ಷೆಯ ವಾರಗಳಲ್ಲಿ ಉಳಿದದ್ದು ಯಾವುದೆಂದರೆ ಶ್ಯಾಡೋಯಿಂಗ್ ಮತ್ತು ನಡಿಗೆ. ಒಂದಕ್ಕೆ ಆರು ನಿಮಿಷ ಸಾಕು, ಇನ್ನೊಂದಕ್ಕೆ ಹೇಗೂ ಮೀಸಲಾದ ವೇಳೆ ಇತ್ತು. ಪ್ರಾಕ್ಟಿಕಲ್‌ನ ವೈವಾ (ಮೌಖಿಕ ಪರೀಕ್ಷೆ) ಪ್ರಶ್ನೆಗಳನ್ನೇ ದಾರಿಯಲ್ಲಿ ಒಬ್ಬರಿಗೊಬ್ಬರು ಕೇಳಿಕೊಂಡೆವು. ಹೊರರಾಜ್ಯದ ಜೊತೆಗಾರರು ಸಿಗದ ಸಣ್ಣ ಊರಿನ ಕಾಲೇಜಿನಲ್ಲಿರುವವರು, ಕನ್ನಡ ಬಲ್ಲ ಗೆಳೆಯರೊಡನೆಯೇ 4/3/2 ನಡೆಸುವಾಗ ಒಂದು ಬದಲಾವಣೆ ಮಾಡಿಕೊಳ್ಳಬೇಕು: ಕೇಳುವವರಿಗೆ ಗೊತ್ತಿಲ್ಲದ ಸಂಗತಿಯನ್ನೇ ಆರಿಸಿಕೊಂಡು, ಕೇಳಿದವರು ಅದನ್ನು ಇಂಗ್ಲಿಷಿನಲ್ಲೇ ಮರಳಿ ಹೇಳಿ ಒಪ್ಪಿಸಬೇಕು. ಒಪ್ಪಿಸುವಾಗ ಸಂಗತಿ ತಪ್ಪಿದರೆ ಮಾತು ತಲುಪಿಲ್ಲವೆಂದು ಅಲ್ಲೇ ತಿಳಿಯುತ್ತದೆ.

ಈ ಯಾವ ದಾರಿಯಲ್ಲೂ ನನಗೆ ಇನ್ನೂ ಸಾಧ್ಯವಾಗದಿರುವುದು ಗುಂಪು ಚರ್ಚೆಯಲ್ಲಿ ನಡುವೆ ಪ್ರವೇಶಿಸುವುದು. ಇಬ್ಬರ ಮಾತಿನಲ್ಲಿ ಸರದಿ ತಾನಾಗಿ ಬರುತ್ತದೆ. ಆರು ಜನರಿರುವಾಗ ಅದನ್ನು ನಾವೇ ತೆಗೆದುಕೊಳ್ಳಬೇಕು. ಈಗ ನಾವು ನಾಲ್ವರು, ಹಿಂದಿನವರು ಹೇಳಿದ ಒಂದು ಅಂಶವನ್ನು ಹಿಡಿದೇ ಮಾತು ಆರಂಭಿಸಬೇಕು ಎಂಬ ನಿಯಮ ಇಟ್ಟುಕೊಂಡು, ದಿನಪತ್ರಿಕೆಯ ಒಂದು ಸುದ್ದಿಯ ಮೇಲೆ ಚರ್ಚೆ ನಡೆಸುವುದಕ್ಕೆ ತೊಡಗಿದ್ದೇವೆ.