ಭ್ರೂಣ ಬೆಳವಣಿಗೆಯ ಮಾದರಿಗಳ ಸೆಟ್: ನಾಲ್ಕನೇ ವಾರಕ್ಕಾಗಿಯೇ ಕೊಳ್ಳಬಹುದು

ನರ್ಸಿಂಗ್ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ನನಗೆ ಭ್ರೂಣಶಾಸ್ತ್ರದಲ್ಲಿ ಸದಾ ಸವಾಲಾಗುವುದು ನಾಲ್ಕನೇ ವಾರ (ಇಲ್ಲಿ ದಿನ, ವಾರಗಳ ಲೆಕ್ಕವೆಲ್ಲ ಫಲೀಕರಣದಿಂದ). ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಭ್ರೂಣ ಆ ವಾರದಲ್ಲಿ ಮಡಚಿಕೊಂಡು ಮೈ ತಳೆಯುತ್ತದೆ. ಪುಸ್ತಕಗಳು ಇದನ್ನು ಒಂದು ಚಿತ್ರದಲ್ಲಿ ಉದ್ದಕ್ಕೆ ಸೀಳಿ, ಇನ್ನೊಂದರಲ್ಲಿ ಅಡ್ಡಕ್ಕೆ ಸೀಳಿ ತೋರಿಸುತ್ತವೆ. ಎರಡನ್ನೂ ತಲೆಯಲ್ಲಿ ಜೋಡಿಸಿಕೊಳ್ಳುವುದು ಬಹಳ ಮಕ್ಕಳಿಗೆ ಆಗುವುದಿಲ್ಲ. ಫಲೀಕರಣದಿಂದ ಗರ್ಭಸ್ಥ ಶಿಶುವಿನ ಹಂತದವರೆಗಿನ ಈ ಸೆಟ್ಟನ್ನು ನಮ್ಮ ವಿಭಾಗಕ್ಕೆ ತರಿಸಿದ್ದು ಅದೊಂದೇ ಕಾರಣಕ್ಕೆ. ಆ ಒಂದು ಕೆಲಸವನ್ನು ಇದು ಅಚ್ಚುಕಟ್ಟಾಗಿ ಮಾಡುತ್ತದೆ.

ಮೂರನೇ ವಾರದ ಮಾದರಿ ಮೆತ್ತನೆಯ ರಬ್ಬರಿನ ಅಂಡಾಕಾರದ ಬಿಲ್ಲೆ. ಅದರಲ್ಲಿ ಭ್ರೂಣದ ಮೂರು ಪದರಗಳಿವೆ: ಮೇಲೆ ನೀಲಿ ಎಕ್ಟೊಡರ್ಮ್, ನಡುವೆ ಕೆಂಪು ಮೀಸೊಡರ್ಮ್, ಕೆಳಗೆ ಹಳದಿ ಎಂಡೊಡರ್ಮ್. ತಲೆಯ ಕಡೆಯ ತುದಿಯನ್ನು ಗಮನಿಸಿ ನೋಡಬೇಕು: ಹೃದಯವಾಗಬೇಕಾದ ಭಾಗ ಮಿದುಳಿಗಿಂತಲೂ ಮುಂದಿದೆ. ಅದಕ್ಕೂ ಮುಂದೆ, ಅಂಚಿನಲ್ಲಿ, ವಪೆಯ (ಉಸಿರಾಟದ ಮುಖ್ಯ ಸ್ನಾಯು) ಮೂಲ ಅಂಗಾಂಶವಿದೆ. ಆ ತುದಿಯನ್ನು ಬೆರಳಿನಿಂದ ಕೆಳಕ್ಕೆ ಬಾಗಿಸಿದಾಗ ಹೃದಯ ಮಿದುಳಿನ ಅಡಿಗೆ ಸರಿದು ಎದೆಯ ಜಾಗಕ್ಕೆ ಬರುತ್ತದೆ, ವಪೆ ಅದರ ಕೆಳಗೆ ನಿಲ್ಲುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಗೆ ಕುತ್ತಿಗೆಯ 3, 4, 5ನೇ ನರಗಳಿಂದ ಆಜ್ಞೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿ ಬರುತ್ತಾರೆ. ಈ ರಬ್ಬರನ್ನು ಬಾಗಿಸಿದ ಮೇಲೆ ಅದಕ್ಕೆ ಕಾರಣ ಅವರಿಗೇ ಹೊಳೆಯುತ್ತದೆ. ವಪೆಯ ಅಂಗಾಂಶ ಕುತ್ತಿಗೆಯ ಮಟ್ಟದಲ್ಲಿದ್ದಾಗಲೇ ನರ ಅದನ್ನು ಸೇರಿತು, ಅದು ಕೆಳಗಿಳಿದಾಗ ನರವೂ ಜೊತೆಗೆ ಉದ್ದವಾಯಿತು. ಪಕ್ಕದ ಅಂಚುಗಳಲ್ಲಿ ಸಣ್ಣ ಅಯಸ್ಕಾಂತಗಳಿವೆ. ಅವನ್ನು ಹೊಟ್ಟೆಯ ಕಡೆ ತಂದು ಕೂಡಿಸಿದರೆ ಹಳದಿ ಪದರ ಒಳಗೆ ಸೇರಿ ಕರುಳಿನ ಕೊಳವೆಯಾಗುತ್ತದೆ, ನೀಲಿ ಪದರ ಹೊರಮೈಯಾಗುತ್ತದೆ.

ಮುಂದೆ ಮಿದುಳು, ಬೆನ್ನುಹುರಿಯಾಗುವ ನರನಾಳದ ಮಾದರಿಯೂ ಇಷ್ಟೇ ಒಳ್ಳೆಯದು. ಸುಮಾರು 22ನೇ ದಿನ ಕುತ್ತಿಗೆಯಾಗುವ ಭಾಗದಲ್ಲಿ ಕೂಡಲು ಶುರುವಾಗಿ ಎರಡೂ ಕಡೆಗೆ ಮುಚ್ಚಿಕೊಳ್ಳುತ್ತಾ ಹೋಗುವುದನ್ನು ಇಲ್ಲಿ ಕೈಯಿಂದಲೇ ಮಾಡಿ ನೋಡಬಹುದು. ತಲೆಯ ತುದಿ 25ನೇ ದಿನದ ಹೊತ್ತಿಗೆ, ಬಾಲದ ತುದಿ 28ನೇ ದಿನದ ಹೊತ್ತಿಗೆ ಮುಚ್ಚುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ನರನಾಳ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಿ ಎಂದು ನಾಳೆ ತಾಯಂದಿರಿಗೆ ಹೇಳಬೇಕಾದವರು ಇದೇ ವಿದ್ಯಾರ್ಥಿಗಳು. ಆ ಮಾತಿನ ತೂಕ ಅವರಿಗೆ ಮೊದಲು ಗೊತ್ತಿರಬೇಕು.

ಮೊದಲ ವಾರದ ಮಾದರಿಗಳ ಬಗ್ಗೆ ನನಗೆ ನಿಜವಾದ ಅಸಮಾಧಾನವಿದೆ. ಯುಗ್ಮಜಕ್ಕಿಂತ (ಫಲಿತ ಅಂಡಾಣು) ಮೊರುಲಾ (ಜೀವಕೋಶಗಳ ಉಂಡೆ) ದೊಡ್ಡದು, ಮೊರುಲಾಕ್ಕಿಂತ ಬ್ಲಾಸ್ಟೊಸಿಸ್ಟ್ (ಒಳಗೆ ದ್ರವ ತುಂಬಿದ ಮುಂದಿನ ಹಂತ) ಇನ್ನೂ ದೊಡ್ಡದು ಎಂಬಂತೆ ಮಾಡಿದ್ದಾರೆ. ಅಂಡಾಣುವಿನ ವ್ಯಾಸ ಸುಮಾರು 0.1 ಮಿಲಿಮೀಟರ್. ಜೋನಾ ಪೆಲ್ಲುಸಿಡಾ ಎಂಬ ಹೊರಕವಚದೊಳಗೆ ಅದು ಎರಡು, ನಾಲ್ಕು, ಎಂಟು ಜೀವಕೋಶಗಳಾಗಿ ಒಡೆಯುವಾಗ ಜೀವಕೋಶಗಳು ಚಿಕ್ಕದಾಗುತ್ತಾ ಹೋಗುತ್ತವೆಯೇ ಹೊರತು ಒಟ್ಟು ಗಾತ್ರ ಬೆಳೆಯುವುದಿಲ್ಲ. ಕಿರಿದಾದ ಅಂಡನಾಳದಲ್ಲಿ ಸಾಗಿ ಗರ್ಭಕೋಶ ಸೇರಬೇಕಾದ ಜೀವಕ್ಕೆ ಇದು ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ. ಮಾದರಿ ಇದನ್ನೇ ತಿರುಚಿದರೆ ಪಾಠದ ಅರ್ಧ ಹೊತ್ತು ತಿದ್ದುವುದಕ್ಕೇ ಹೋಗುತ್ತದೆ. ನಾನು ಆ ಮೂರನ್ನೂ ಪೆಟ್ಟಿಗೆಯಲ್ಲಿಯೇ ಬಿಟ್ಟು ಕಪ್ಪುಹಲಗೆಯ ಮೇಲೆ ಒಂದೇ ಅಳತೆಯ ವೃತ್ತಗಳನ್ನು ಬರೆಯುತ್ತೇನೆ.

ಎಂಟನೇ ವಾರದ ಮಾದರಿ ನೋಡಲು ಚೆಂದ. ನಿಜವಾದ ಅಳತೆಯಲ್ಲಿಯೇ, ನೆತ್ತಿಯಿಂದ ಪೃಷ್ಠದವರೆಗೆ ಸುಮಾರು 3 ಸೆಂಟಿಮೀಟರ್ ಇದೆ. ಮೈಯ ಅರ್ಧದಷ್ಟು ತಲೆಯೇ, ಬೆರಳುಗಳು ಬಿಡಿಸಿಕೊಂಡಿವೆ, ಬಾಲ ಕಾಣುವುದಿಲ್ಲ. ಆದರೆ ಹೊಕ್ಕುಳಬಳ್ಳಿಯ ಬುಡ ನಯವಾಗಿ, ಖಾಲಿಯಾಗಿದೆ. ಆ ವಯಸ್ಸಿನಲ್ಲಿ ಕರುಳಿನ ಸುರುಳಿ ಅಲ್ಲಿರಬೇಕು! ಹೊಟ್ಟೆಯಲ್ಲಿ ಜಾಗ ಸಾಲದೆ ಆರನೇ ವಾರದಲ್ಲಿ ಬಳ್ಳಿಯೊಳಗೆ ಹೋದ ಕರುಳು ತಿರುಗುತ್ತಾ ಬೆಳೆದು ಹತ್ತನೇ ವಾರದ ಹೊತ್ತಿಗೆ ಒಳಗೆ ಮರಳುತ್ತದೆ. ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಇದು ತಿಳಿಯದಿದ್ದರೆ ಸಹಜವಾದುದನ್ನೇ ದೋಷವೆಂದು ಭಾವಿಸಿಯಾರು. ಮುಖ ರೂಪುಗೊಳ್ಳುವುದನ್ನು ತೋರಿಸುವ ಮಾದರಿ ಸೆಟ್ಟಿನಲ್ಲಿ ಇಲ್ಲವೇ ಇಲ್ಲ. ಸೀಳುತುಟಿಯ ಪಾಠಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು.

ಜೊತೆಗೆ ಬರುವ ಕೈಪಿಡಿಯನ್ನು ವಿದ್ಯಾರ್ಥಿಗಳ ಕೈಗೆ ಹಾಗೆಯೇ ಕೊಡಬೇಡಿ. ಕೆಲವು ಪುಟಗಳಲ್ಲಿ ಫಲೀಕರಣದಿಂದ, ಕೆಲವು ಪುಟಗಳಲ್ಲಿ ಕೊನೆಯ ಮುಟ್ಟಿನಿಂದ ವಾರಗಳನ್ನು ಎಣಿಸಿದ್ದಾರೆ. ಎರಡರ ನಡುವೆ ಎರಡು ವಾರಗಳ ಅಂತರ. ನಾನು ಪ್ರತಿ ಪುಟದ ಅಂಚಿನಲ್ಲಿ ಯಾವ ಲೆಕ್ಕವೆಂದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ರಬ್ಬರು ಬಾಳಿಕೆ ಬರುವಂಥದ್ದು. ಮಕ್ಕಳು ಎಳೆದಾಡಿದರೂ ಎಲ್ಲಿಯೂ ಹರಿದಿಲ್ಲ, ಬಣ್ಣ ಬಿಟ್ಟಿಲ್ಲ. ಮಾದರಿಗಳು ಬಿಡಿಯಾಗಿಯೂ ಸಿಗುತ್ತವೆ. ನೀವೂ ಪಾಠ ಮಾಡುವವರಾದರೆ ಪೂರ್ತಿ ಸೆಟ್ಟಿಗೆ ಹೋಗದೆ ಮೂರನೇ ವಾರದ ಬಿಲ್ಲೆಯನ್ನೂ ನರನಾಳವನ್ನೂ ತರಿಸಿಕೊಳ್ಳಿ. ಬಿಲ್ಲೆ ಮಾತ್ರ ಎರಡಿರಲಿ, ಒಂದನ್ನು ಮಡಚಿ ಪಕ್ಕದಲ್ಲಿಟ್ಟು ಇನ್ನೊಂದನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದು.